ಸಂಜೀವಪ್ಪನ ಬೆನ್ನಿನ ಮೂರು ಮುರಿತ

ಬೆಂಗಳೂರಿನ ರಸೆಲ್ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಹೂ ಮಾರುತ್ತಿದ್ದ ಸಂಜೀವಪ್ಪನನ್ನು ಎಲ್ಲರೂ ಪೈಲ್ವಾನ್ ಎಂದೇ ಕರೆಯುತ್ತಿದ್ದರು. ಪ್ರಾಯದಲ್ಲಿ ಹಲಸೂರಿನ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡ ಮನುಷ್ಯ. ಐವತ್ತೆಂಟಾದರೂ ಹೂವಿನ ಮೂಟೆಯನ್ನು ತಾನೇ ಹೊರುತ್ತಿದ್ದ. ಅವನನ್ನು ಕಾಡುತ್ತಿದ್ದುದು ಉಬ್ಬಸ ಒಂದೇ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಸೇವಂತಿಗೆ ಬುಟ್ಟಿ ಎತ್ತಲು ಬಗ್ಗಿದ. ಐದು ಕೇಜಿಯೂ ಇರಲಿಲ್ಲ. ಬೆನ್ನೊಳಗೆ ಏನೋ ಲಟಕ್ಕೆಂದಿತು. ಕೂಗಲೂ ಉಸಿರಿಲ್ಲದೆ ಹೂವಿನ ಮೇಲೇ ಕುಸಿದ. ಪಕ್ಕದ ಅಂಗಡಿಯ ಅಬ್ರಾರ್ ಓಡಿ ಬಂದು, ಆಟೋ ಹಿಡಿದು, ಆಸ್ಪತ್ರೆಗೆ ಕರೆದೊಯ್ದ. ಸಂಜೀವಪ್ಪನ ಹೆಂಡತಿ ಮಂಜುಳಮ್ಮ ಹಲಸೂರಿನ ಮನೆಯಿಂದ ನೇರ ಅಲ್ಲಿಗೇ ಬಂದಳು.

ಡಾಕ್ಟರ್ ಅಲಿಯಾ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಸಂಜೀವಪ್ಪ, ನಿಮ್ಮ ಬೆನ್ನುಮೂಳೆ ಮೂರು ಕಡೆ ಕುಸಿದಿದೆ. ಒಂದು ಇವತ್ತಿಂದು. ಎರಡು ಹಳೇವು."

"ಹಳೇವಾ? ಯಾವಾಗ ಮುರೀತು?"

"ಮೊದಲು ಯಾವತ್ತಾದ್ರೂ ಜೋರಾಗಿ ಬೆನ್ನು ನೋವು ಬಂದಿತ್ತಾ?"

ಮಂಜುಳಮ್ಮನಿಗೆ ನೆನಪಾಯಿತು. ಹಿಂದಿನ ವರ್ಷ ಕೆ.ಆರ್. ಪುರದಿಂದ ಬರುವಾಗ ಬಸ್ಸು ಹಂಪ್ ಹಾರಿತ್ತು. ಆಮೇಲೆ ನೋಯುತ್ತಿದ್ದ ಅವನ ಬೆನ್ನಿಗೆ ಒಂದು ತಿಂಗಳು ಮುಲಾಮು ತಿಕ್ಕಿದ್ದಳು. ಮುರಿದ ಮೂಳೆಯ ಮೇಲೆ ತಿಕ್ಕಿದೆನಲ್ಲ ಎಂದು ಪೇಚಾಡಿದಳು. ಇನ್ನೊಂದು ಮುರಿತದ ನೆನಪು ಇಬ್ಬರಿಗೂ ಇರಲಿಲ್ಲ. ಎತ್ತರ ಅಳೆದರೆ ಎರಡು ಇಂಚು ಕಡಿಮೆಯಾಗಿದ್ದ. ಮೂಳೆ ಟೊಳ್ಳಾಗಿದೆ ಎಂದರು ಅಲಿಯಾ.

"ಮೂಳೆ ಟೊಳ್ಳಾಗೋದು ಹೆಂಗಸರ ಕಾಯಿಲೆ ಅಲ್ವಾ ಡಾಕ್ಟ್ರೇ? ನಾನು ಗರಡಿ ಆಡಿದೋನು!"

"ಗಂಡಸರಿಗೂ ಬರತ್ತೆ. ಟೊಳ್ಳಾಗ್ತಿರೋವಾಗ ಮೂಳೆ ನೋಯಲ್ಲ, ಅದೇ ಮೋಸ. ಮುರಿದ ಮೇಲೇ ನೋವು, ಕೆಲವು ಸಲ ಆಗಲೂ ಗೊತ್ತಾಗಲ್ಲ. ಬೆನ್ನು ಬಾಗಿದ್ರೆ ಸುತ್ತಲ ಮಾಂಸಖಂಡ ಬಿಗಿದು ಇನ್ನಷ್ಟು ನೋಯತ್ತೆ. ನಿಮಗೆ ಉಬ್ಬಸ ಇರೋ ಹಾಗಿದೆ, ಅದಕ್ಕೆ ಏನು ತಗೋತೀರಿ?"

ಮಂಜುಳಮ್ಮ ಚೀಲದಿಂದ ಪುಟ್ಟ ಬಿಳಿ ಮಾತ್ರೆಗಳನ್ನು ತೆಗೆದಳು. ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. ಹನ್ನೊಂದು ವರ್ಷದಿಂದ ದಿನಕ್ಕೊಂದರಂತೆ ನುಂಗಲು ಮೆಡಿಕಲ್ ಶಾಪಿನಲ್ಲಿ ಕೇಳಿ ತರುತ್ತಿದ್ದರು.

"ಇದು ಸ್ಟೀರಾಯ್ಡ್. ವರ್ಷಗಟ್ಟಲೆ ನುಂಗಿದ್ರೆ ಮೂಳೆ ತಿಂದುಬಿಡತ್ತೆ," ಎಂದರು ಅಲಿಯಾ. "ಹಾಗಂತ ಇವತ್ತೇ ನಿಲ್ಲಿಸ್ಬೇಡಿ, ಜೀವಕ್ಕೆ ಅಪಾಯ. ನಾನು ಹೇಳಿದ ಹಾಗೆ ನಿಧಾನವಾಗಿ ಇಳಿಸೋಣ."

ಸಂಜೀವಪ್ಪ ಆ ಮಾತ್ರೆಗಳನ್ನು ದೂರ ಸರಿಸಿದ. ಉಸಿರು ಕೊಟ್ಟ ಮಾತ್ರೆಯೇ ಬೆನ್ನು ಮುರಿದಿತ್ತು.

ಬಾಗಿಲ ಬಳಿ ನಿಂತಿದ್ದ ಅಬ್ರಾರ್ ಒಳಗೆ ಬಂದ. "ಯಾ ಅಲ್ಲಾ! ಪೈಲ್ವಾನ್ ಹೇಳ್ದ ಅಂತ ನನ್ನ ಉಬ್ಬಸಕ್ಕೂ ಆರು ವರ್ಷದಿಂದ ಅದೇ ತಗೊಳ್ತಿದ್ದೀನಿ."

ಮೂರು ತಿಂಗಳು ಸಂಜೀವಪ್ಪ ಬೆನ್ನಿಗೆ ಪಟ್ಟಿ ಕಟ್ಟಿಕೊಂಡಿದ್ದ. ಮೂಳೆಗೆ ವರ್ಷಕ್ಕೊಂದು ಇಂಜೆಕ್ಷನ್, ಉಬ್ಬಸಕ್ಕೆ ಉಸಿರಲ್ಲಿ ಎಳೆದುಕೊಳ್ಳುವ ಇನ್‌ಹೇಲರ್ ಶುರುವಾಯಿತು. ನೋವು ಇಳಿಯಿತು, ಕಳೆದ ಎತ್ತರ ವಾಪಸ್ ಬರಲಿಲ್ಲ. ಈಗ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ.

ಅಬ್ರಾರನ ಮೂಳೆ ಪರೀಕ್ಷೆಯ ವರದಿಯೂ ಬಂತು: ಅವನದೂ ಟೊಳ್ಳಾಗಿತ್ತು.

"ನಂಗೆ ಒಂದಿನಾನೂ ನೋವೇ ಬಂದಿಲ್ವಲ್ಲ, ಭಾಯ್," ಎಂದ.

"ಬರೋಕ್ ಮುಂಚೆ ಗೊತ್ತಾಯ್ತಲ್ಲ, ಅದೇ ಪುಣ್ಯ," ಎಂದ ಸಂಜೀವಪ್ಪ.