ಸೆರಗು ಹಿಡಿದವನು

ತಿರುಗಿ ನೋಡಿದರೆ ನನ್ನ ಸೆರಗು ಹಿಡಿದಿದ್ದದ್ದು ಮೊಮ್ಮಗಳಲ್ಲ, ಯಾವನೋ ಮೀಸೆಯ ಗಂಡಸು. ಶ್ರೀರಂಗಪಟ್ಟಣದ ಹತ್ತಿರದ ಆಟದ ಪಾರ್ಕಿನಲ್ಲಿ ನೀರಿನ ಜಾರುಬಂಡೆ ಹೊಸದಾಗಿ ಶುರುವಾದ ಭಾನುವಾರ ಅದು. ಗೇಟು ತೆಗೆದಿದ್ದೇ ತಡ, ಜನ ಕುರಿಮಂದೆಯ ಹಾಗೆ ನುಗ್ಗಿದರು. ಕುರಿಗಳೇ ವಾಸಿ, ಕೂಗಿದರೆ ನಿಲ್ಲುತ್ತವೆ. ಬಿಂಡಿಗನವಿಲೆಯಲ್ಲಿ ಬಸ್ಸು ಹತ್ತಿದಾಗಿನಿಂದ ಆರು ವರ್ಷದ ಪುಟ್ಟಿಗೆ ಸೆರಗು ಬಿಡಬೇಡ ಅಂತ ಹೇಳುತ್ತಲೇ ಇದ್ದೆ. ಈಗ ಅವಳೇ ಇಲ್ಲ.

ಅವನನ್ನೇ ಬೈಯತೊಡಗಿದೆ. ಆ ಗಾಬರಿಯಲ್ಲಿ ನನಗೆ ಕಂಡದ್ದು ಅವನ ಕೈ, ಅವನ ಮೀಸೆ ಎರಡೇ.

"ಯಾವನ್ಲಾ ನೀನು? ಮುದುಕಿ ಸೆರಗು ಇಡ್ಕೊಳ್ಳಾಕೆ ನಾಚ್ಕೆ ಆಗಕಿಲ್ವಾ? ನನ್ ಮಗು ಎಲ್ಲಿ?"

ಅವನು ಕಣ್ಣಲ್ಲೇ ಮೇಲೆ ತೋರಿಸಿದ. ಪುಟ್ಟಿ ಅವನ ಹೆಗಲ ಮೇಲೆ ಕೂತು, ಎರಡು ಕೈಯಲ್ಲೂ ಅವನ ಕೂದಲು ಹಿಡಿದುಕೊಂಡಿದ್ದಳು.

"ಬೈಬ್ಯಾಡ ಅಜ್ಜಿ. ಇಲ್ಲಿಂದ ಜಾರುಬಂಡೆ ಪೂರಾ ಕಾಣ್ತದೆ" ಅಂದಳು.

ಜನರ ಕಾಲಡಿ ಸಿಕ್ಕುತ್ತಿದ್ದವಳನ್ನು ಅವನು ಎತ್ತಿಕೊಂಡಿದ್ದ. ನಾನು ತಪ್ಪಿಹೋಗದಿರಲಿ ಎಂದು ಅವಳ ಕೈಲಿದ್ದ ಸೆರಗನ್ನು ತಾನು ಹಿಡಿದಿದ್ದ. ಅಷ್ಟು ಬೈದರೂ ಜನ ತಿಳಿಯಾಗುವವರೆಗೆ ಮಗುವನ್ನು ಇಳಿಸಲಿಲ್ಲ, ಸೆರಗನ್ನೂ ಬಿಡಲಿಲ್ಲ.

ಅವತ್ತು ಜಾರುಬಂಡೆಗೆ ನಮ್ಮ ಸರದಿ ಬರಲೇ ಇಲ್ಲ. ಜಾರುಬಂಡೆ ಹೇಗಿತ್ತು ಎಂದು ಊರಲ್ಲಿ ಕೇಳಿದವರಿಗೆಲ್ಲ ಪುಟ್ಟಿ ಆ ಹೆಗಲ ಸವಾರಿಯನ್ನೇ ಹೊಗಳಿದಳು. ನಾನಂತೂ ಬೈಯುವುದನ್ನು ಬಿಟ್ಟಿಲ್ಲ. ಈಗ ಜನಜಂಗುಳಿಯಲ್ಲಿ ಯಾರಾದರೂ ಸೆರಗು ಹಿಡಿದರೆ ಮೊದಲು ಮೇಲೆ ನೋಡುತ್ತೇನೆ, ಆಮೇಲೆ ಬೈಯುತ್ತೇನೆ.