ನಂಬರು ಕೆರೆದ ಸೋಲಾರ್ ಪೆಟ್ಟಿಗೆ

ನನ್ನ ಮೇಜಿನ ಮೇಲೆ ಒಂದು ಅರ್ಧ ಬ್ಲೇಡು ಇದೆ. ಗಡ್ಡಕ್ಕೂ ಬಾರದ, ಪೆನ್ಸಿಲಿಗೂ ಬಾರದ ಈ ವಸ್ತುವನ್ನು ಎಸೆಯಲೆಂದು ಎಷ್ಟೋ ಸಲ ಎತ್ತಿಕೊಂಡು ಮತ್ತೆ ಅಲ್ಲೇ ಇಟ್ಟಿದ್ದೇನೆ. ಅಪರಾಧದ ಸಾಕ್ಷ್ಯವನ್ನು ಅಪರಾಧಿಯೇ ನಾಶಮಾಡುವುದು ಅಷ್ಟು ಸಭ್ಯವಲ್ಲ.

ಯಶವಂತಪುರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾನು ಕೆಲಸ ಕಲಿತ ಕಾಲಕ್ಕೆ ನಮ್ಮ ಕಸುಬಿಗೊಂದು ಕುಲಾಚಾರವಿತ್ತು. ಮುಚ್ಚಳ ಹಾಕುವ ಮುಂಚೆ, ಹೊಸದಾಗಿ ಕೂರಿಸಿದ ಬಿಡಿಭಾಗದ ಮೇಲಿನ ನಂಬರನ್ನು ಬ್ಲೇಡಿನಿಂದ ಕೆರೆದುಬಿಡಬೇಕು. ಪಕ್ಕದ ಅಂಗಡಿಯವನು ಬಿಚ್ಚಿ ನೋಡಿದರೂ ಒಳಗೇನಿದೆಯೆಂದು ತಿಳಿಯಬಾರದು. ಗಿರಾಕಿ ತಿರುಗಿ ನಮ್ಮಲ್ಲಿಗೇ ಬರಬೇಕು. ಸಂಧ್ಯಾವಂದನೆ ತಪ್ಪಿಸಿದ್ದೇನೆ, ಇದನ್ನು ತಪ್ಪಿಸಿದವನಲ್ಲ.

ನಿವೃತ್ತನಾಗಿ ಕೊಡಿಗೇಹಳ್ಳಿಯಲ್ಲಿ ಕೂತ ಮೇಲೆ ಇಂಟರ್ನೆಟ್ಟಿನಲ್ಲಿ ಒಂದು ಸೋಲಾರ್ ಪೆಟ್ಟಿಗೆಯ ನಕ್ಷೆ ಸಿಕ್ಕಿತು. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು, ಬ್ಯಾಟರಿಯ ಹೊಟ್ಟೆ ತುಂಬಿದೊಡನೆ ಬಡಿಸುವವನ ಕೈ ಹಿಡಿದು "ಸಾಕು" ಎನ್ನುವುದು ಅದರ ಕೆಲಸ. ಮದುವೆ ಊಟಗಳಲ್ಲಿ ಇಂಥವರೊಬ್ಬರು ನನ್ನ ಪಕ್ಕ ಕೂತಿದ್ದರೆ ಸಕ್ಕರೆ ಕಾಯಿಲೆ ಇನ್ನಷ್ಟು ತಡವಾಗಿ ಬರುತ್ತಿತ್ತು. ನಕ್ಷೆ ಬರೆದ ಪುಣ್ಯಾತ್ಮ, ಯಾವ ದೇಶದವನೋ, ಎಲ್ಲವನ್ನೂ ಬಿಚ್ಚಿಟ್ಟಿದ್ದ. ಯಾರು ಬೇಕಾದರೂ ಮಾಡಿಕೊಳ್ಳಬಹುದು, ಕೆಟ್ಟರೆ ಯಾರು ಬೇಕಾದರೂ ಸರಿಮಾಡಬಹುದು. ಏನಾದರೂ ಬದಲಾಯಿಸಿದರೆ ನಾಲ್ಕು ಜನಕ್ಕೆ ತಿಳಿಸಬೇಕು, ಅಷ್ಟೇ.

ನಮ್ಮ ರಸ್ತೆಯ ತಿರುವಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಹೂವು ಮಾರುವ ಜಯಮ್ಮನಿಗೆ, ಗಾಡಿಯಲ್ಲೊಂದು ದೀಪ ಉರಿಯಲೆಂದು, ಪ್ಯಾನೆಲ್ಲು ಬ್ಯಾಟರಿಗಳ ಜೊತೆ ಒಂದನ್ನು ಮಾಡಿಕೊಟ್ಟೆ. ಸಂಜೆ ಕರೆಂಟ್ ಹೋದರೆ ಆಕೆಯ ವ್ಯಾಪಾರವೂ ಹೋಗುತ್ತಿತ್ತು. ಮುಚ್ಚಳ ಹಾಕುವ ಮುಂಚೆ ನನ್ನ ಕೈ ತಾನಾಗಿ ಬ್ಲೇಡಿಗೆ ಹೋಯಿತು. ಮುಖ್ಯವಾದ ಚಿಪ್ಪಿನ ನಂಬರು ಕೆರೆದೆ. ಲೋಕಕ್ಕೆಲ್ಲ ತೆರೆದಿಟ್ಟ ವಿದ್ಯೆಯಲ್ಲಿ ನಾನು ಮಾಡಿದ ಬದಲಾವಣೆ ಅದೊಂದೇ. ಅದನ್ನೂ ಯಾರಿಗೂ ತಿಳಿಸಲಿಲ್ಲ.

ತಂಗಿಯ ಕಣ್ಣಿನ ಆಪರೇಷನ್ನಿಗೆಂದು ತುಮಕೂರಿಗೆ ಹೋಗಿ, ತಿಂಗಳೊಪ್ಪತ್ತು ಇದ್ದು ಬಂದೆ. ತಿರುವಿನಲ್ಲಿ ಬೇರೆ ಯಾರದೋ ಗಾಡಿ ಝಗಝಗಿಸುತ್ತಿತ್ತು. ಜಯಮ್ಮ ಆಚೆ, ಮೋರಿ ಪಕ್ಕದ ಕತ್ತಲಲ್ಲಿದ್ದಳು.

"ನೀವು ಊರ್ಗೋದ ವಾರಕ್ಕೇ ಪೆಟ್ಗೆ ಕೆಟ್ಟೋಯ್ತಣ್ಣ. ಬೇಗ ಗಂಟು ಕಟ್ಕೊಂಡು ಮನೇಗ್ ಓಯ್ತಿದ್ದೆ. ಜಾಗ ಕಾಲಿ ಕಂಡು ಅವ್ನು ಬಂದು ನಿಂತ್ಕೊಂಡ."

"ಬೇರೆ ಯಾರಿಗಾದ್ರೂ ತೋರಿಸಬಾರದಿತ್ತಾ?"

"ತೋರ್ಸ್ದೆ ಕಣಣ್ಣ. ತಣಿಸಂದ್ರದಾಗೆ ಮೊಬೈಲ್ ರಿಪೇರಿ ಬಸವರಾಜ ಅವ್ನಲ್ಲಾ, ಗದಗದೋನು. ಯಾರೋ ಬೇಕಂತ್ಲೇ ನಂಬರ್ ಕೆರೆದವ್ರೆ ಅಂದ. ನಾನು ಬುಡ್ತೀನಾ? ನಮ್ಮಣ್ಣ ಅಂತೋರಲ್ಲ, ಎಗ್ಗಣ ಕೆರೆದಿರ್ಬೇಕು ಅಂತ ಚೆನ್ನಾಗಿ ಉಗ್ದು ಬಂದೆ."

ನಾನು ಪೆಟ್ಟಿಗೆ ಇಸಿದುಕೊಂಡು ಮನೆಗೆ ಬಂದೆ. ಆ ನಂಬರು ನನಗೂ ನೆನಪಾಗಲಿಲ್ಲ. ಎಷ್ಟು ನಿಷ್ಠೆಯಿಂದ ಕೆರೆದಿದ್ದೆನೆಂದರೆ ಭೂತಗನ್ನಡಿಗೂ ದಕ್ಕಲಿಲ್ಲ. ಕೊನೆಗೆ ಅದೇ ನಕ್ಷೆಗೆ ಮತ್ತೆ ಶರಣಾದೆ. ಹೊಸ ಚಿಪ್ಪು ಹಾಕಿ, ಅದರ ನಂಬರನ್ನು ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದೆ. ನಕ್ಷೆಯನ್ನು ಒಳಗೆ ಅಂಟಿಸಿದೆ. ಇನ್ನೊಂದು ಪ್ರತಿಯನ್ನು ಬಸವರಾಜನಿಗೆ ಕೊಟ್ಟುಬರಲು ನಾನೇ ಹೋದೆ. ಅವನು ಕಾಗದ ನೋಡಿದ, ನನ್ನನ್ನು ನೋಡಿದ.

"ನಿಮ್ಮ ಹೆಗ್ಗಣ ಭಾಳ ಓದಿಕೊಂಡಂಗ ಐತಲ್ರಿ ಸರ," ಅಂದ.

ಗಾಡಿಗೆ ಬೆಳಕು ಬಂತು. ತಿರುವಿನ ಜಾಗ ಬರಲಿಲ್ಲ. ಅದಕ್ಕೆ ಇಂಟರ್ನೆಟ್ಟಿನಲ್ಲಿ ನಕ್ಷೆಯಿಲ್ಲ. ಮೋರಿ ಪಕ್ಕದಲ್ಲಿ ನಾನು ಪೆಟ್ಟಿಗೆ ಕಟ್ಟುತ್ತಿರುವಾಗ ಜಯಮ್ಮ ಬಗ್ಗಿ ನೋಡಿ, "ಈ ಸಲ ಬಿಗಿಯಾಗಿ ಮುಚ್ಚಣ್ಣ, ಆ ಆಳಾದ್ ಎಗ್ಗಣ ಮತ್ತೆ ಬಂದ್ಬುಟ್ಟಾತು" ಅಂದಳು.

ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದೆ. "ಅದಕ್ಕೆ ವಯಸ್ಸಾಯ್ತು ಜಯಮ್ಮ, ಇನ್ನು ಬರಲ್ಲ," ಎಂದಷ್ಟೇ ಬಂತು.

ಆಕೆ ನಕ್ಕು, ಮೊಳ ಮಲ್ಲಿಗೆ ಅಳೆದು, ಅತ್ತಿಗೆಗೆ ಕೊಡಿ ಅಂತ ಕೈಗಿಟ್ಟಳು. ತೆಗೆದುಕೊಂಡೆ. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು.