ಅಕ್ಕರದ ತಾಟು

ಇವತ್ತು ಬೆಳಿಗ್ಗೆ ನೆನೆಸಿದ ಅಲಸಂದಿ ಕಾಳನ್ನು ಅಂಗೈಯಲ್ಲಿ ತಿಕ್ಕುತ್ತಿದ್ದೆ. ಸಿಪ್ಪೆಗಳು ನೀರಿನ ಮೇಲೆ ತೇಲಿದವು, ಹಸಿ ಕಾಳಿನ ವಾಸನೆ ಮೂಗಿಗೆ ಬಂತು, ಫೋಲಾ ನೆನಪಾದಳು. ಮಕ್ಕಳೇ, ನಿಮ್ಮಲ್ಲಿ ಸಣ್ಣವರಿಗೆ ಅವಳು ಗೊತ್ತಿಲ್ಲ. ಬಾಯಿಂದ ಹೇಳಲು ಕೂತರೆ ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಅಥಣಿ ರಸ್ತೆಯ ಈ ಮನೆಯ ಮೇಲಿನ ಖೋಲಿಗೆ ಅವಳು ಬಾಡಿಗೆಗೆ ಬಂದದ್ದು ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಕೊಂಡ ಎರಡನೆಯ ವರ್ಷ. ನೈಜೀರಿಯಾದ ಹುಡುಗಿ, ಇಲ್ಲಿ ಕಾಲೇಜು ಓದುತ್ತಿದ್ದಳು. ನನ್ನ ಓದೋ ಬಬಲೇಶ್ವರದ ಕನ್ನಡ ಸಾಲಿಯ ಏಳನೆಯ ಇಯತ್ತೆಗೇ ಮುಗಿದದ್ದು, ಇಂಗ್ಲಿಷ್ ಬಾರದು. ಅವಳು ಎದುರಿಗೆ ಬಂದರೆ ನಕ್ಕು ಒಳಗೆ ಓಡುತ್ತಿದ್ದೆ. ಮೂರು ತಿಂಗಳು ಹೀಗೇ ಓಡಿದೆ.

ಒಂದು ರವಿವಾರ ಅವಳೇ ಬಾಗಿಲು ಬಡಿದಳು. ಕೈಯಲ್ಲಿ ಹೂವಿನ ಚಿತ್ರದ ತಾಟು, ಅದರ ತುಂಬ ಕರಿದ ಉಂಡೆಗಳು. "ಮಾಮಾ," ಎಂದಳು. ನನಗೇನು ಮೀಸೆ ಬಂದಿದೆಯೇ ಎಂದು ಮೇಲ್ದುಟಿ ಮುಟ್ಟಿ ನೋಡಿಕೊಂಡೆ; ಅವರಲ್ಲಿ ತಾಯಿಯಂಥವರನ್ನು ಹಾಗೆ ಕರೆಯುತ್ತಾರೆಂದು ಆಮೇಲೆ ತಿಳಿಯಿತು. ತಾಟು ಮುಂದೆ ಹಿಡಿದು, "ಅಕ್ಕರ," ಎಂದಳು.

ನನ್ನ ಕಣ್ಣು ತುಂಬಿ ಬಂದವು. ಪರದೇಶದ ಕೂಸು ಎಂಥ ಮಾತು ಕಲಿತುಕೊಂಡು ಬಂದಿದೆ! "ನನಗೂ ನಿನ್ನ ಮ್ಯಾಲ ಬಾಳ ಅಕ್ಕರ ಐತವಾ," ಎಂದೆ. ಅವಳು ಖುಷಿಯಿಂದ ತಲೆಯಾಡಿಸಿ "ಅಕ್ಕರ, ಅಕ್ಕರ" ಎಂದಳು. ಇಬ್ಬರೂ ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ಅದನ್ನೇ ಹೇಳಿಕೊಂಡೆವು.

ಮಧ್ಯಾಹ್ನ ನಿಮ್ಮ ಶ್ರೇಯಕ್ಕ ಮೇಲೆ ಹೋಗಿ ಕೇಳಿ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏ ಆಯಿ, ಅದು ಅಕಾರಾ ಬೇ! ಅವರ ಊರಾಗ ಅಲಸಂದಿ ವಡಿಗೆ ಹಂಗಂತಾರ. ನೀ ಆಕಿಗೆ 'ನನಗೂ ನಿನ್ನ ಮ್ಯಾಲ ಬಾಳ ವಡಿ ಐತಿ' ಅಂದಂಗಾತು!"

ನಗು ಮುಗಿಯಿತು, ತಾಟು ಉಳಿಯಿತು. ಬಂದ ತಾಟನ್ನು ಖಾಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಕರಿದದ್ದಕ್ಕೆ ಕರಿದದ್ದೇ ಹೋಗಬೇಕು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಕಡಾಯಿ ಏರಿಸುವುದಿಲ್ಲ. ನಮ್ಮಲ್ಲಿ ವರ್ಷ ತುಂಬಿ ತಿಂಗಳುಗಳೇ ಕಳೆದಿದ್ದರೂ ಕಡಾಯಿ ಅಟ್ಟದ ಮೇಲೆ ಬೋರಲು ಬಿದ್ದಿತ್ತು. ಅದನ್ನು ನಿಮ್ಮ ಮುತ್ಯಾ ತಿಕೋಟಾ ಸಂತೆಯಿಂದ ಟೊಪ್ಪಿಗೆಯಂತೆ ತಲೆಗೆ ಹಾಕಿಕೊಂಡು ತಂದಿದ್ದರು. ಶಂಕರಪಾಳಿ ಕರಿಯುವಾಗ ಒಲೆಯ ಹತ್ತಿರವೇ ಕೂತು, "ಏ, ಇದು ಸೊಟ್ಟ ಆಗೇತಿ, ಇಲ್ಲಿ ಕೊಡು," ಎಂದು ಕೈ ಚಾಚುತ್ತಿದ್ದರು. ನಾನು ಬೇಕೆಂದೇ ನಾಲ್ಕು ಸೊಟ್ಟ ಕತ್ತರಿಸುತ್ತಿದ್ದೆ. ಅವರಿಲ್ಲದ ಮನೆಯಲ್ಲಿ ಎಣ್ಣೆ ಚುಂಯ್ ಎಂದರೆ ನಾನು ತಡೆಯಲಾರೆ ಎಂಬ ಹೆದರಿಕೆ ನನಗೆ.

ನಾಲ್ಕು ದಿನ ಆ ತಾಟು ನನ್ನನ್ನೇ ನೋಡಿತು. ಐದನೆಯ ದಿನ ಅಟ್ಟದಿಂದ ಕಡಾಯಿ ಇಳಿಸಿ ಒಲೆಗೆ ಏರಿಸಿದೆ. ಎಣ್ಣೆ ಚುಂಯ್ ಎಂದಿತು. ಅಳು ಬಂತು; ಅಳುತ್ತಲೇ ಕರಿದೆ. ಒಂದು ಸೊಟ್ಟ ಶಂಕರಪಾಳಿಯನ್ನು ನಾನೇ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು.

ತಾಟು ನೋಡಿದ್ದೇ ಫೋಲಾ "ಚಿನ್‌ಚಿನ್!" ಎಂದು ಚೀರಿ ನನ್ನನ್ನು ಎತ್ತಿಯೇ ಬಿಟ್ಟಳು. ಅವರ ಮದುವೆ ಮನೆಗಳಲ್ಲೂ ಇದೇ ತಿಂಡಿಯಂತೆ, ಹೆಸರಷ್ಟೇ ಬೇರೆ. ಆಮೇಲೆ ತಾಟಿಗೆ ಪುರುಸೊತ್ತೇ ಇರಲಿಲ್ಲ, ಮೇಲೆ ಕೆಳಗೆ ಓಡಾಡಿತು. ಅವಳಿಂದ ಅಕಾರಾ ಕಲಿತೆ: ಸಿಪ್ಪೆ ಪೂರ್ತಿ ತೆಗೆದು, ಗಟ್ಟಿಯಾಗಿ ರುಬ್ಬಿ, ಹಿಟ್ಟು ಹಗುರಾಗುವ ತನಕ ಸೌಟಿನಿಂದ ಬಡಿಯಬೇಕು. ನಾನು ವಡಿಯಂತೆ ತಟ್ಟಲು ಹೋದರೆ ಕೈಗೆ ಹೊಡೆಯುತ್ತಿದ್ದಳು.

ಓದು ಮುಗಿಸಿ ಊರಿಗೆ ಹೊರಟ ದಿನ ತಾಟು ತುಂಬಿಕೊಂಡು ಹೋದೆ. ಶಂಕರಪಾಳಿಯನ್ನೆಲ್ಲ ಚೀಲಕ್ಕೆ ಸುರಿದುಕೊಂಡು ತಾಟನ್ನು ನನ್ನ ಕೈಗೇ ಇಟ್ಟಳು. "ಮಾಮಾ, ತಾಟ ಇರ್ಲಿ," ಎಂದಳು, ನಮ್ಮದೇ ಕನ್ನಡದಲ್ಲಿ.

ಮೊನ್ನೆ ಮೇಲಿನ ಖೋಲಿಗೆ ಜೈನಾಪುರದ ಗಂಡ ಹೆಂಡತಿ ಬಂದಿದ್ದಾರಲ್ಲ, ಆ ಹುಡುಗಿ ನನ್ನನ್ನು ಕಂಡರೆ ನಕ್ಕು ಒಳಗೆ ಓಡುತ್ತಾಳೆ. ಇವತ್ತು ಫೋಲಾಳ ತಾಟು ತುಂಬಿಕೊಂಡು, ಮೆಟ್ಟಿಲು ಹತ್ತಿ, ನಾನೇ ಬಾಗಿಲು ಬಡಿದೆ.

"ಅಯ್ಯ, ಅಲಸಂದಿ ವಡಿ ಏನ್ರಿ?" ಎಂದಳು.

"ಅಲ್ಲವಾ, ಇದು ಅಕ್ಕರ," ಎಂದೆ.

ತಾಟು ಈಗ ಮೇಲಿದೆ. ಖಾಲಿಯಂತೂ ಬರುವುದಿಲ್ಲ, ಸಂಜೆ ಆಟ ಮುಗಿಸಿ ಬೇಗ ಬನ್ನಿ.